ದೇಶಾಂತರಗತ ನ್ಯಾಯವಾದಿಗಳ ಪುನರಧ್ಯಯನ

ವಿದ್ಯೆಗಳಲ್ಲಿ ಕೆಲವು ದೇಶಭೇದವನ್ನು ಅಪೇಕ್ಷಿಸುವುದಿಲ್ಲ. ಗಣಿತವನ್ನು ಕಾಶಿಯಲ್ಲಿ ಕಲಿತವನು ಪ್ಯಾರಿಸ್ ನಗರದಲ್ಲಿ ಅದನ್ನೇ ಬೋಧಿಸಬಲ್ಲನು. ವೈದ್ಯನು ಯಾವ ಸಮುದ್ರವನ್ನು ದಾಟಿದರೂ ಮನುಷ್ಯನ ನಾಡಿಯು ಒಂದೇ ಬಗೆಯಾಗಿ ಮಿಡಿಯುವುದು. ನ್ಯಾಯವಾದಿಯ ವಿದ್ಯೆಯಾದರೋ ಇಂತಹುದಲ್ಲ. ರಾಜ್ಯದ ಎಲ್ಲೆಯನ್ನು ದಾಟಿದೊಡನೆಯೇ ಅವನು ಕಂಠಸ್ಥಮಾಡಿಕೊಂಡಿದ್ದ ಶಾಸನಗಳು ಪರಕೀಯ ಶಾಸನಗಳಾಗುವುವು. ಅವನಿಗಿದ್ದ ವಾದಾಧಿಕಾರವೂ ಅಲ್ಲಿಗೆ ನಿಂತುಹೋಗುವುದು. ಇಪ್ಪತ್ತು ವರ್ಷಕಾಲ ಬೆಂಗಳೂರಿನಲ್ಲಿಯೋ ಲೇಗೋಸಿನಲ್ಲಿಯೋ ನ್ಯಾಯಾಸ್ಥಾನದ ಮುಂದೆ ನಿಂತು ವಾದಿಸಿದವನು ಸಂಸಾರಸಮೇತನಾಗಿ ಟೊರಾಂಟೋ ನಗರಕ್ಕೆ ಹೋಗಿ ನೆಲಸಿದರೆ, ಅಲ್ಲಿ ಅವನು ಪುನಃ ವಿದ್ಯಾರ್ಥಿ. ಮಕ್ಕಳು ಶಾಲೆಗೆ ಹೋಗುತ್ತಿರುವ ಕಾಲದಲ್ಲಿ ತಂದೆಯೂ ಪುಸ್ತಕವನ್ನು ಹಿಡಿದು ಪರೀಕ್ಷೆಗೆ ಸಿದ್ಧನಾಗಬೇಕಾಗುವುದು.

ಈ ಪುನರಧ್ಯಯನವು ಈಗ ಬಹುಮಟ್ಟಿಗೆ ಅಂತರ್ಜಾಲದ ಮೂಲಕ ನಡೆಯುತ್ತಿದೆ. ಪಾಠವೂ ಗ್ರಂಥವೂ ಅನೇಕ ವೇಳೆ ಪರೀಕ್ಷೆಯೂ ಗಣಕಯಂತ್ರದ ತೆರೆಯ ಮೇಲೆಯೇ ಮನೆಬಾಗಿಲಿಗೆ ಬರುವುವು. ಆದರೆ ಇದು ಯಂತ್ರದೊಡನೆ ಹುಟ್ಟಿದ ಹೊಸ ಸಮಸ್ಯೆಯೆಂದು ತಿಳಿಯುವುದು ಸರಿಯಲ್ಲ. ಪರದೇಶದ ನ್ಯಾಯವನ್ನು ದೂರದಿಂದ ಕಲಿಯುವುದು ಎಷ್ಟರಮಟ್ಟಿಗೆ ಸಾಧ್ಯ; ಹಾಗೆ ಕಲಿಯಲು ಬಾರದ ಅಂಶ ಯಾವುದು; ಕಲಿತವನನ್ನು ಬಾಗಿಲಲ್ಲಿ ತಡೆದವರು ಯಾವ ಕಾಲದಲ್ಲಿ ಯಾವ ಕಾರಣವನ್ನು ಹೇಳಿದರು—ಈ ಮೂರು ಪ್ರಶ್ನೆಗಳು ಹಳೆಯವು. ಇವುಗಳನ್ನು ಇತಿಹಾಸದ ಆಧಾರದಿಂದ ವಿಚಾರಿಸುವುದು ಪ್ರಕೃತ ವಿಷಯ.

೧. ಶಾಸ್ತ್ರವೂ ಆಚಾರವೂ

ವ್ಯವಹಾರನಿರ್ಣಯಕ್ಕೆ ಗ್ರಂಥವೊಂದೇ ಪ್ರಮಾಣವೆಂದು ಧರ್ಮಶಾಸ್ತ್ರಕಾರರು ಹೇಳಲಿಲ್ಲ. ದೇಶಾಚಾರ, ಕುಲಾಚಾರ, ಶ್ರೇಣಿಗಳ ಕಟ್ಟುಪಾಡು ಇವುಗಳನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು. ಪರರಾಜ್ಯವನ್ನು ವಶಪಡಿಸಿಕೊಂಡ ರಾಜನು ಆ ದೇಶದ ಆಚಾರವನ್ನೂ ವ್ಯವಹಾರವನ್ನೂ ಕುಲಸ್ಥಿತಿಯನ್ನೂ ಮೊದಲಿದ್ದಂತೆಯೇ ಪಾಲಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿಯ ರಾಜಧರ್ಮಪ್ರಕರಣದಲ್ಲಿ ವಿಧಿಸಿದೆ. ಗೆದ್ದವನ ನ್ಯಾಯವು ಗೆದ್ದ ಮಾತ್ರಕ್ಕೆ ಸೋತವನ ನ್ಯಾಯವಾಗದು ಎಂಬುದು ಇದರ ತಾತ್ಪರ್ಯ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದವನು. ಕನ್ನಡನಾಡಿನ ಕಲ್ಯಾಣದಲ್ಲಿ ಹುಟ್ಟಿದ ಆ ಗ್ರಂಥವು ಬಂಗಾಳವನ್ನುಳಿದು ಭರತಖಂಡದ ಬಹುಭಾಗದಲ್ಲಿ ದಾಯವಿಭಾಗಕ್ಕೆ ಪ್ರಮಾಣವಾಯಿತು. ಪ್ರಮಾಣವಾದರೂ ಆಯಾ ಪ್ರಾಂತದ ಆಚಾರಕ್ಕೆ ತಕ್ಕಂತೆ ಅದರ ಅರ್ಥವನ್ನು ಬೇರೆ ಬೇರೆಯಾಗಿ ನಿರ್ಣಯಿಸುತ್ತಿದ್ದರು.

ಪರದೇಶದಲ್ಲಿ ಕಲಿತ ನ್ಯಾಯವಾದಿಯು ಹೊಸ ದೇಶದ ನ್ಯಾಯವನ್ನು ಕಲಿಯಬೇಕಾದ ಪ್ರಸಂಗವು ಭರತಖಂಡದಲ್ಲಿ ಆಂಗ್ಲೇಯರಿಗೆ ದೊಡ್ಡದಾಗಿ ಒದಗಿತು. ಲಂಡನ್ನಿನ ಮಿಡ್ಲ್ ಟೆಂಪಲಿನಿಂದ ೧೭೭೪ನೆಯ ಇಸವಿಯಲ್ಲಿ ಬ್ಯಾರಿಸ್ಟರಾಗಿದ್ದ ಸರ್ ವಿಲಿಯಂ ಜೋನ್ಸನು ೧೭೮೩ರಲ್ಲಿ ಕಲಕತ್ತೆಯ ಸುಪ್ರೀಂ ಕೋರ್ಟಿನ ನ್ಯಾಯಾಧಿಪತಿಯಾಗಿ ಬಂದನು. ಹಿಂದೂಗಳ ವ್ಯವಹಾರದಲ್ಲಿ ಪಂಡಿತರು ಕೊಡುತ್ತಿದ್ದ ವ್ಯವಸ್ಥೆಗಳನ್ನು ಪರಿಶೀಲಿಸಲು ಶಕ್ತಿಯಿಲ್ಲದೆ ಅಂಗೀಕರಿಸುವುದು ಅವನಿಗೆ ಒಪ್ಪಿಗೆಯಾಗಲಿಲ್ಲ. ಆದುದರಿಂದ ೧೭೮೫ರಲ್ಲಿ ಸಂಸ್ಕೃತಾಭ್ಯಾಸಕ್ಕೆ ತೊಡಗಿ, ತಾನು ತೀರಿಕೊಂಡ ೧೭೯೪ನೆಯ ಇಸವಿಯಲ್ಲಿಯೇ ಮನುಸ್ಮೃತಿಯ ಭಾಷಾಂತರವನ್ನು ಪ್ರಕಟಿಸಿದನು. ಕೋಲ್‌ಬ್ರೂಕನು ಮಿತಾಕ್ಷರೆಯ ದಾಯಭಾಗವನ್ನೂ ಜೀಮೂತವಾಹನನ ದಾಯಭಾಗವನ್ನೂ ೧೮೧೦ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದನು. ಜೋನ್ಸನಂತಹ ಬ್ಯಾರಿಸ್ಟರನ್ನು ಹಿಂದೂ ವ್ಯವಹಾರದಲ್ಲಿ ಪರೀಕ್ಷಿಸಿ ಅನಂತರ ಪೀಠದ ಮೇಲೆ ಕುಳ್ಳಿರಿಸುವ ಪದ್ಧತಿ ಆಗ ಇರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಆಳುವವನಾಗಿ ಬಂದವನನ್ನು ಬಾಗಿಲಲ್ಲಿ ತಡೆಯುವವರು ಯಾರು? ಅವನು ಕಲಿತದ್ದು ಸ್ವಂತ ಜಿಜ್ಞಾಸೆಯಿಂದ. ಜೀವಿಕೆಗಾಗಿ ಬಂದ ಪರದೇಶಿಯ ಸ್ಥಿತಿ ಹೀಗಿಲ್ಲವೆಂಬುದು ಮುಂದೆ ಸ್ಪಷ್ಟವಾಗುವುದು.

ಗ್ರಂಥಗಳು ಇಂಗ್ಲಿಷಿಗೆ ಬಂದಮೇಲೆ ಪಂಡಿತರ ಅವಶ್ಯಕತೆ ಇಲ್ಲವೆಂದು ಭಾವಿಸಿ, ನ್ಯಾಯಾಸ್ಥಾನಗಳಲ್ಲಿದ್ದ ಪಂಡಿತಸ್ಥಾನಗಳನ್ನು ೧೮೬೪ರಲ್ಲಿ ತೆಗೆದುಹಾಕಿದರು. ಇತ್ತ ೧೮೩೩ರಲ್ಲಿ ವ್ಯವಸ್ಥಿತವಾದ ಪ್ರಿವಿ ಕೌನ್ಸಿಲಿನ ನ್ಯಾಯಸಮಿತಿಯು ಲಂಡನ್ನಿನಲ್ಲಿ ಕುಳಿತು ಭರತಖಂಡದ ಮೇಲುಮನವಿಗಳನ್ನು ತೀರ್ಮಾನಿಸುತ್ತಿತ್ತು. ಅದರ ನ್ಯಾಯಾಧಿಪತಿಗಳಲ್ಲಿ ಎಷ್ಟೋ ಮಂದಿ ಈ ದೇಶವನ್ನು ಕಂಡವರೇ ಅಲ್ಲ. ಅವರು ಗ್ರಂಥಮುಖದಿಂದಲೇ ಈ ದೇಶದ ನ್ಯಾಯವನ್ನರಿತವರು. ಹಾಗಿದ್ದರೂ ೧೮೬೮ರಲ್ಲಿ, ಮಧುರೆಯ ಕಲೆಕ್ಟರು ಒಂದು ಪಕ್ಷವಾಗಿದ್ದ ರಾಮನಾಡಿನ ದತ್ತಕದ ವ್ಯಾಜ್ಯದಲ್ಲಿ, ಆಚಾರವು ಸ್ಪಷ್ಟವಾಗಿ ಸಿದ್ಧಪಟ್ಟರೆ ಅದು ಗ್ರಂಥವಾಕ್ಯಕ್ಕಿಂತ ಬಲವತ್ತರವೆಂದು ಆ ಸಮಿತಿಯೇ ನಿರ್ಣಯಿಸಿತು. ಆರುಸಾವಿರ ಮೈಲಿಗಳ ದೂರದಲ್ಲಿ ಪುಸ್ತಕವನ್ನಿಟ್ಟುಕೊಂಡು ಪರದೇಶದ ನ್ಯಾಯವನ್ನು ಹೇಳುತ್ತಿದ್ದವರೇ ಪುಸ್ತಕದ ಮಿತಿಯನ್ನು ಒಪ್ಪಿಕೊಂಡಂತಾಯಿತು.

ಇದರಿಂದ ಸಿದ್ಧವಾಗುವುದೇನೆಂದರೆ—ಯಾವ ದೇಶದ ನ್ಯಾಯಕ್ಕಾದರೂ ಎರಡು ಅಂಗಗಳುಂಟು. ಬರೆದಿಟ್ಟ ಶಾಸನ, ತೀರ್ಪು, ವ್ಯಾಖ್ಯಾನಗಳು ಒಂದು, ಇದನ್ನು ಶಾಸ್ತ್ರವೆನ್ನಬಹುದು. ನ್ಯಾಯಾಸ್ಥಾನದಲ್ಲಿ ನಡೆದುಕೊಳ್ಳುವ ರೀತಿ, ಕಕ್ಷಿಗಾರನೊಡನೆ ಮಾತಾಡುವ ಬಗೆ, ಪ್ರತಿಪಕ್ಷದ ವಕೀಲನೊಡನೆ ಇರಬೇಕಾದ ನಂಬುಗೆ, ಬರೆಯದೆಯೇ ನಡೆದುಬಂದ ಕ್ರಮಗಳು ಇವು ಮತ್ತೊಂದು, ಇದನ್ನು ಆಚಾರವೆನ್ನಬಹುದು. ಮೊದಲನೆಯದು ಹಡಗಿನಲ್ಲಿಯೂ ಅಂಚೆಯಲ್ಲಿಯೂ ತಂತಿಯಲ್ಲಿಯೂ ಪ್ರಯಾಣಮಾಡಬಲ್ಲುದು. ಎರಡನೆಯದಕ್ಕೆ ಸಹವಾಸವೇ ಮಾರ್ಗ.

೨. ಲಂಡನ್ನಿನಲ್ಲಿಯೂ ನೇಟಾಲಿನಲ್ಲಿಯೂ

ಇಂಗ್ಲೆಂಡಿನ ಬ್ಯಾರಿಸ್ಟರ ಶಿಕ್ಷಣದಲ್ಲಿ ಆಚಾರಾಂಗವು ಬಹುಕಾಲ ಪ್ರಧಾನವಾಗಿತ್ತು. ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡ್ಲ್ ಟೆಂಪಲ್, ಗ್ರೇಸ್ ಇನ್ ಎಂಬ ನಾಲ್ಕು ಸಂಘಗಳಲ್ಲೊಂದಕ್ಕೆ ಸೇರಿದ ವಿದ್ಯಾರ್ಥಿಯು ಅಲ್ಲಿಯ ಭೋಜನಶಾಲೆಯಲ್ಲಿ ಹಿರಿಯರೊಡನೆ ನಿಯತ ಸಂಖ್ಯೆಯ ಊಟಗಳನ್ನು ಮಾಡಿದಲ್ಲದೆ ಅವನ ಅವಧಿಯು ಪೂರ್ಣವಾಗುತ್ತಿರಲಿಲ್ಲ. ಊಟದಿಂದ ನ್ಯಾಯಶಾಸ್ತ್ರವು ಬರುವುದೇ ಎಂದು ನಗಬಹುದು. ಆದರೆ ಗುರುಕುಲವಾಸವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಪಂಕ್ತಿಯಲ್ಲಿ ಕುಳಿತವನಿಗೆ ಪಾಠದಲ್ಲಿ ಹೇಳದ ವಿಷಯಗಳು ತಾವಾಗಿಯೇ ತಿಳಿಯುವುವು.

ಈ ಕಟ್ಟಳೆಯನ್ನು ಪರದೇಶಿಯೊಬ್ಬನಿಗಾಗಿ ಸಡಿಲಿಸಿದ ಪ್ರಸಿದ್ಧ ನಿದರ್ಶನವು ಜೂಡಾ ಬೆಂಜಮಿನ್ನನದು. ಇವನು ೧೮೩೨ರಿಂದ ಅಮೆರಿಕದ ಲೂಯಿಸಿಯಾನಾ ಸಂಸ್ಥಾನದಲ್ಲಿ ವಕೀಲನಾಗಿದ್ದು, ಆಮೇಲೆ ಸೆನೆಟ್ ಸಭೆಯ ಸದಸ್ಯನಾಗಿ, ಗುಲಾಮಗಿರಿಯನ್ನು ಉಳಿಸಿಕೊಳ್ಳುವುದಕ್ಕಾಗಿ ಪ್ರತ್ಯೇಕಗೊಂಡ ದಕ್ಷಿಣಸಂಸ್ಥಾನಗಳ ಸರಕಾರದಲ್ಲಿ ಮಂತ್ರಿಪದವಿಯನ್ನು ವಹಿಸಿದ್ದನು. ಆ ಪಕ್ಷವು ಯುದ್ಧದಲ್ಲಿ ಸೋಲಲು ದೇಶವನ್ನು ಬಿಟ್ಟು ಓಡಿ ೧೮೬೫ನೆಯ ಇಸವಿಯ ಆಗಸ್ಟಿನಲ್ಲಿ ಇಂಗ್ಲೆಂಡನ್ನು ಸೇರಿದನು. ೧೮೬೬ರ ಜನವರಿಯಲ್ಲಿ ಲಿಂಕನ್ಸ್ ಇನ್ನಿಗೆ ವಿದ್ಯಾರ್ಥಿಯಾಗಿ ಸೇರಿದಾಗ ಅವನಿಗೆ ಐವತ್ತನಾಲ್ಕು ವರ್ಷ. ಸಾಮಾನ್ಯವಾಗಿ ಮೂರು ವರ್ಷ ಬೇಕಾಗಿದ್ದ ಅವಧಿಯನ್ನು ಅವನ ವಿಷಯದಲ್ಲಿ ಕಡಿಮೆಮಾಡಿ, ಅದೇ ವರ್ಷದ ಜೂನ್ ತಿಂಗಳಲ್ಲಿ ಅವನನ್ನು ಬ್ಯಾರಿಸ್ಟರನ್ನಾಗಿ ಅಂಗೀಕರಿಸಿದರು. ೧೮೬೮ರಲ್ಲಿ ಅವನು ಚರಸ್ವತ್ತಿನ ಕ್ರಯವಿಕ್ರಯವನ್ನು ಕುರಿತು ಬರೆದ ಗ್ರಂಥವು ಇಂಗ್ಲಿಷ್ ನ್ಯಾಯವಾದಿಗಳಿಗೇ ಪ್ರಮಾಣಗ್ರಂಥವಾಯಿತು. ೧೮೭೨ರಲ್ಲಿ ಅವನಿಗೆ ರಾಣಿಯ ನ್ಯಾಯವಾದಿಯೆಂಬ ಗೌರವವೂ ದೊರೆಯಿತು. ಲೂಯಿಸಿಯಾನಾದ ನ್ಯಾಯವು ಫ್ರೆಂಚರ ಮತ್ತು ಸ್ಪೇನಿನವರ ಸಂಹಿತೆಗಳಿಂದ ಬಂದದ್ದು. ಅದನ್ನು ಬಲ್ಲವನಾದ ಕಾರಣ ಅವನ ಗ್ರಂಥದಲ್ಲಿ ಇಂಗ್ಲಿಷ್ ನಿಯಮಗಳೊಡನೆ ರೋಮನ್ ಮತ್ತು ಫ್ರೆಂಚ್ ನಿಯಮಗಳ ತುಲನೆಯು ಸಾಧ್ಯವಾಯಿತು. ಹೊರಗಿನಿಂದ ಬಂದವನ ಹಳೆಯ ವಿದ್ಯೆಯು ಹೊಸ ದೇಶದ ನ್ಯಾಯಶಾಸ್ತ್ರಕ್ಕೆ ಆಸ್ತಿಯಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಇದಕ್ಕೆ ವಿಪರೀತವಾದ ನಿದರ್ಶನವು ಮೂವತ್ತು ವರ್ಷಗಳೊಳಗೆ ದಕ್ಷಿಣ ಆಫ್ರಿಕದಲ್ಲಿ ಕಾಣಬರುವುದು. ಮೋಹನದಾಸ ಗಾಂಧಿಯವರು ಇನ್ನರ್ ಟೆಂಪಲಿನಲ್ಲಿ ಅವಧಿಯನ್ನು ಪೂರೈಸಿ, ರೋಮನ್ ನ್ಯಾಯವನ್ನು ಲ್ಯಾಟಿನ್ ಭಾಷೆಯಲ್ಲಿಯೇ ಓದಿ, ೧೮೯೧ನೆಯ ಇಸವಿಯ ಜೂನ್ ೧೦ರಲ್ಲಿ ಬ್ಯಾರಿಸ್ಟರಾದರು. ೧೮೯೩ರಲ್ಲಿ ಒಂದು ವ್ಯಾಜ್ಯದ ನಿಮಿತ್ತ ದಕ್ಷಿಣ ಆಫ್ರಿಕಕ್ಕೆ ಹೋದ ಅವರು, ೧೮೯೪ರಲ್ಲಿ ನೇಟಾಲಿನ ಸುಪ್ರೀಂ ಕೋರ್ಟಿನಲ್ಲಿ ವಾದಿಸಲು ಅನುಜ್ಞೆಯನ್ನು ಬೇಡಿದರು. ಸಾಮ್ರಾಜ್ಯದ ರಾಜಧಾನಿಯಲ್ಲಿ ಪಡೆದ ಅರ್ಹತೆಯಾದುದರಿಂದ ಪುನಃ ಪರೀಕ್ಷೆ ಬೇಕಾಗಿರಲಿಲ್ಲ. ಶಾಸ್ತ್ರವೂ ಇತ್ತು, ಲಂಡನ್ನಿನ ಪಂಕ್ತಿಭೋಜನದಿಂದ ಬಂದ ಆಚಾರವೂ ಇತ್ತು. ಆದರೂ ಅಲ್ಲಿಯ ವಕೀಲರ ಸಂಘವು ಅವರ ಪ್ರವೇಶವನ್ನು ವಿರೋಧಿಸಿತು. ಮೂಲ ಪ್ರಮಾಣಪತ್ರವನ್ನು ಲಗತ್ತಿಸಿಲ್ಲವೆಂಬ ಆಕ್ಷೇಪವು ಮೇಲಕ್ಕೆ ಕಾಣುತ್ತಿದ್ದುದು. ವರ್ಣೀಯನೊಬ್ಬನು ಈ ವೃತ್ತಿಗೆ ಬರುವನೆಂದು ನಿಯಮಗಳನ್ನು ಮಾಡಿದವರು ಎಣಿಸಿರಲಿಲ್ಲವೆಂಬುದು ಒಳಗಿದ್ದ ಕಾರಣ. ನ್ಯಾಯಾಸ್ಥಾನವು ಶಾಸನದಲ್ಲಿ ವರ್ಣಭೇದವಿಲ್ಲವೆಂದು ಹೇಳಿ ಆಕ್ಷೇಪವನ್ನು ತಳ್ಳಿಹಾಕಿತು. ಸೆಪ್ಟೆಂಬರ್ ೩ರಂದು ಅವರು ಅಂಗೀಕೃತರಾದರು. ಪ್ರಮಾಣವಚನವಾದ ಕೂಡಲೆ, ನ್ಯಾಯಾಸ್ಥಾನದ ಪದ್ಧತಿಯಂತೆ ಪೇಟವನ್ನು ತೆಗೆಯಬೇಕೆಂದು ಹೇಳಲಾಯಿತು, ಅವರು ತೆಗೆದರು.

ಈ ಎರಡು ವೃತ್ತಾಂತಗಳನ್ನು ಜೊತೆಗಿಟ್ಟು ನೋಡಿದರೆ ಒಂದು ವಿಷಯ ತಿಳಿಯುವುದು. ಕಟ್ಟಳೆಗಳು ಇದ್ದುವು, ಆದರೆ ಅವುಗಳ ಪ್ರಯೋಗವು ಬಂದವನು ಎಂತಹವನೆಂಬುದನ್ನು ಅನುಸರಿಸಿತು. ಕೀರ್ತಿವಂತನಿಗೆ ಅವಧಿಯು ತಗ್ಗಿತು. ವರ್ಣೀಯನಿಗೆ ಪೂರ್ಣ ಅರ್ಹತೆಯಿದ್ದರೂ ಬಾಗಿಲಲ್ಲಿ ಆಕ್ಷೇಪಣೆ ಹುಟ್ಟಿತು. ‘ಇವನು ಏನನ್ನು ಬಲ್ಲನು’ ಎಂಬ ಪ್ರಶ್ನೆಗೆ ಮುಂಚೆ ‘ಇವನು ಯಾರು’ ಎಂಬ ಪ್ರಶ್ನೆಯು ನಿಂತಿತ್ತು.

೩. ನಿರ್ವಾಸಿತರಾದ ಜರ್ಮನ್ ನ್ಯಾಯಜ್ಞರು

ಈ ಪ್ರಶ್ನೆಯು ಅತಿ ಕ್ರೂರವಾದ ರೂಪವನ್ನು ತಾಳಿದುದು ಜರ್ಮನಿಯಲ್ಲಿ. ೧೯೩೩ನೆಯ ಇಸವಿಯ ಏಪ್ರಿಲ್ ೭ರಂದು ಹೊರಟ ಶಾಸನಗಳಿಂದ ಯೆಹೂದ್ಯ ನ್ಯಾಯಾಧಿಪತಿಗಳೂ ವಕೀಲರೂ ಅನೇಕರು ಸ್ಥಾನಭ್ರಷ್ಟರಾದರು. ೧೯೩೮ರ ಸೆಪ್ಟೆಂಬರಿನ ಆಜ್ಞೆಯಿಂದ ಉಳಿದ ಯೆಹೂದ್ಯ ವಕೀಲರ ಅಧಿಕಾರವನ್ನೂ ತೆಗೆದುಹಾಕಿದರು. ಜೀವವನ್ನುಳಿಸಿಕೊಂಡು ಹೊರಟವರಲ್ಲಿ ವೈದ್ಯನು, ರಸಾಯನಶಾಸ್ತ್ರಜ್ಞನು ತನ್ನ ವಿದ್ಯೆಯನ್ನು ಜೊತೆಯಲ್ಲಿ ತಂದನು. ನ್ಯಾಯವಾದಿಯು ತಂದದ್ದು ಜರ್ಮನ್ ಸಂಹಿತೆಯ ಜ್ಞಾನ. ಇಂಗ್ಲೆಂಡಿನಲ್ಲಾಗಲಿ ಅಮೆರಿಕದಲ್ಲಾಗಲಿ ಅದಕ್ಕೆ ಬೆಲೆಯಿರಲಿಲ್ಲ. ಅನೇಕರು ಬೇರೆ ಉದ್ಯೋಗಗಳನ್ನು ಹಿಡಿದು ವೃತ್ತಿಯನ್ನೇ ಬಿಟ್ಟರು.

ಬಿಡದೆ ಪುನಃ ಕಲಿತವರೂ ಉಂಟು. ಎಫ್. ಎ. ಮಾನ್ ಎಂಬವರು ೧೯೩೩ರಲ್ಲಿ ಬರ್ಲಿನ್ನಿನಿಂದ ಲಂಡನ್ನಿಗೆ ಬಂದು, ಅಲ್ಲಿಯ ಅರ್ಥಶಾಸ್ತ್ರ ವಿದ್ಯಾಲಯದಲ್ಲಿ ಇಂಗ್ಲಿಷ್ ನ್ಯಾಯವನ್ನು ಮೊದಲಿನಿಂದ ಅಭ್ಯಸಿಸಿ, ದ್ರವ್ಯದ ನ್ಯಾಯಸ್ವರೂಪವನ್ನು ಕುರಿತ ಗ್ರಂಥವನ್ನು ೧೯೩೮ರಲ್ಲಿ ಪ್ರಕಟಿಸಿದರು. ವಿದ್ವಾಂಸರು ಆ ಗ್ರಂಥವನ್ನು ಆಧಾರವಾಗಿ ಉದಾಹರಿಸುತ್ತಿದ್ದರೂ ಅವರು ಸಾಲಿಸಿಟರಾಗಿ ಅಂಗೀಕೃತರಾದುದು ಬ್ರಿಟಿಷ್ ಪೌರತ್ವವು ದೊರೆತ ಬಳಿಕ, ೧೯೪೬ರಲ್ಲಿ. ಬರ್ಲಿನ್ನಿನ ಕಾರ್ಮಿಕ ನ್ಯಾಯಾಸ್ಥಾನದ ನ್ಯಾಯಾಧಿಪತಿಯಾಗಿದ್ದು ೧೯೩೩ರಲ್ಲಿ ಪದಚ್ಯುತರಾದ ಆಟೋ ಕಾನ್-ಫ್ರಾಯಿಂಡ್ ಎಂಬವರು ಅದೇ ವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿ ಸೇರಿ, ಬಳಿಕ ಅಲ್ಲಿಯೇ ಬೋಧಕರಾಗಿ, ೧೯೬೪ರಲ್ಲಿ ಆಕ್ಸ್‌ಫರ್ಡಿನ ಪ್ರಾಧ್ಯಾಪಕಸ್ಥಾನವನ್ನು ಪಡೆದರು. ಇಂಗ್ಲೆಂಡಿನ ಕಾರ್ಮಿಕನ್ಯಾಯಶಾಸ್ತ್ರದ ನಿರ್ಮಾತೃಗಳಲ್ಲಿ ಅವರ ಹೆಸರು ಮೊದಲ ಸಾಲಿನದು. ಇವರಿಬ್ಬರೂ ಹೊಸ ದೇಶದ ನ್ಯಾಯವನ್ನು ಆ ದೇಶದಲ್ಲಿಯೇ ಇದ್ದು, ಆ ದೇಶದ ಗುರುಗಳ ಮುಂದೆ ಕುಳಿತು ಕಲಿತರು. ಅಂತಹ ವಿದ್ಯಾಲಯವೂ ಅನ್ನಕ್ಕೆ ಆಧಾರವೂ ದೊರೆಯದವರಿಗೆ ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ.

೪. ದೂರಶಿಕ್ಷಣದ ಉದಯ

ಗುರುವಿನ ಬಳಿಗೆ ಹೋಗಲಾರದವನಿಗೂ ಪದವಿಯು ದೊರೆಯಬೇಕೆಂಬ ವಿಚಾರವು ವಿಶ್ವವಿದ್ಯಾಲಯದ ಮಟ್ಟದಲ್ಲಿ ಮೊದಲು ಕಾರ್ಯರೂಪಕ್ಕೆ ಬಂದುದು ಲಂಡನ್ ವಿಶ್ವವಿದ್ಯಾಲಯದಲ್ಲಿ. ೧೮೩೬ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯು ೧೮೫೮ನೆಯ ಇಸವಿಯ ರಾಜಶಾಸನದಿಂದ, ನಿಯತವಾದ ಕಾಲೇಜುಗಳಲ್ಲಿ ಓದದವರಿಗೂ ತನ್ನ ಪರೀಕ್ಷೆಗಳನ್ನು ತೆರೆಯಿತು. ಎಲ್ಲಿ ಓದಿದನೆಂಬುದನ್ನು ಕೇಳದೆ ಏನನ್ನು ಬಲ್ಲನೆಂಬುದನ್ನು ಮಾತ್ರ ಕೇಳುವ ಪದ್ಧತಿಗೆ ಇದು ಅಡಿಗಲ್ಲು. ನೆಲ್ಸನ್ ಮಂಡೇಲಾ ಅವರು ರಾಬೆನ್ ದ್ವೀಪದ ಸೆರೆಯಲ್ಲಿದ್ದುಕೊಂಡು ಆ ವಿಶ್ವವಿದ್ಯಾಲಯದ ನ್ಯಾಯಪದವಿಗೆ ಅಂಚೆಯ ಮೂಲಕ ಓದುತ್ತಿದ್ದರೆಂಬುದು ಪ್ರಸಿದ್ಧ ಸಂಗತಿ. ಕಡೆಗೆ ೧೯೮೯ರಲ್ಲಿ ದಕ್ಷಿಣ ಆಫ್ರಿಕದ ದೂರಶಿಕ್ಷಣ ವಿಶ್ವವಿದ್ಯಾಲಯದಿಂದ ಅವರು ಆ ಪದವಿಯನ್ನು ಪಡೆದರು. ಶಾಸ್ತ್ರಕ್ಕೆ ಸಮುದ್ರವೂ ಸೆರೆಮನೆಯ ಗೋಡೆಯೂ ತಡೆಯಲ್ಲವೆಂಬುದು ಹೀಗೆ ಅನುಭವದಿಂದ ಸಿದ್ಧವಾಯಿತು.

ಆದರೆ ಪದವಿ ಬೇರೆ, ವೃತ್ತ್ಯಧಿಕಾರ ಬೇರೆ. ಪರದೇಶದವನು ಪರೀಕ್ಷೆಯಲ್ಲಿ ಗೆದ್ದರೂ ‘ಇವನು ಯಾರು’ ಎಂಬ ಹಳೆಯ ಪ್ರಶ್ನೆಯು ಪೌರತ್ವದ ರೂಪದಿಂದ ಬಾಗಿಲಲ್ಲಿ ನಿಂತೇ ಇತ್ತು. ಕೆನಡಾ ದೇಶದಲ್ಲಿ ಅದು ತೊಲಗಿದ ವೃತ್ತಾಂತವು ಸ್ಮರಣೀಯವಾದುದು. ಅಲ್ಲಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಶಾಶ್ವತವಾಗಿ ನೆಲಸಿದ್ದ ಮಾರ್ಕ್ ಆಂಡ್ರೂಸ್ ಎಂಬ ಬ್ರಿಟಿಷ್ ಪ್ರಜೆಯು ವಕೀಲನಾಗಲು ಬೇಕಾದ ಉಳಿದೆಲ್ಲ ಅರ್ಹತೆಗಳನ್ನು ಪಡೆದಿದ್ದನು. ಕೆನಡಾದ ಪೌರನಲ್ಲವೆಂಬ ಒಂದೇ ಕಾರಣದಿಂದ ಅವನಿಗೆ ಪ್ರವೇಶವು ದೊರೆಯಲಿಲ್ಲ. ೧೯೮೨ರ ಹಕ್ಕುಗಳ ಸನ್ನದಿನಲ್ಲಿರುವ ಸಮಾನತೆಯ ವಿಧಿಯನ್ನು ಮುಂದಿಟ್ಟು ಅವನು ಹೂಡಿದ ವ್ಯಾಜ್ಯದಲ್ಲಿ ಕೆನಡಾದ ಸುಪ್ರೀಂ ಕೋರ್ಟು ೧೯೮೯ನೆಯ ಇಸವಿಯ ಫೆಬ್ರವರಿ ೨ರಂದು ಪೌರತ್ವನಿಯಮವನ್ನು ಅಸಿಂಧುವೆಂದು ತೀರ್ಮಾನಿಸಿತು. ಅಲ್ಲಿಂದ ಮುಂದೆ ಆ ದೇಶದಲ್ಲಿ ಪರದೇಶೀಯ ನ್ಯಾಯವಾದಿಯನ್ನು ಕೇಳಬೇಕಾದ ಪ್ರಶ್ನೆಯು, ನಿಯಮದ ದೃಷ್ಟಿಯಿಂದ, ಅವನ ಜ್ಞಾನವನ್ನು ಕುರಿತದ್ದು ಮಾತ್ರವಾಯಿತು. ಅಂತರ್ಜಾಲದ ಅಧ್ಯಯನಕ್ಕೆ ಈಗ ದೊರೆತಿರುವ ಬೆಲೆಗೆ ಯಂತ್ರವೆಷ್ಟು ಕಾರಣವೋ ಈ ತೀರ್ಪಿನಂತಹ ತೀರ್ಪುಗಳೂ ಅಷ್ಟೇ ಕಾರಣ.

೫. ಇಂದಿನ ವ್ಯವಸ್ಥೆಗಳು

ಕೆನಡಾದಲ್ಲಿ ಪರದೇಶದ ನ್ಯಾಯಪದವಿಗಳನ್ನು ತೂಗಿನೋಡುವ ಕೆಲಸವನ್ನು ಆ ದೇಶದ ವಕೀಲಸಂಘಗಳ ಒಕ್ಕೂಟದ ಅಂಗವಾದ ರಾಷ್ಟ್ರೀಯ ಮಾನ್ಯತಾಸಮಿತಿಯು ನಡೆಸುವುದು. ಅಭ್ಯರ್ಥಿಯು ತನ್ನ ಪದವಿಪತ್ರಗಳನ್ನು ಕಳುಹಿಸಿದರೆ, ಅವನ ದೇಶದ ನ್ಯಾಯಸಂಪ್ರದಾಯ ಯಾವುದು, ತರಗತಿಯಲ್ಲಿ ಕುಳಿತು ಓದಿದನೋ ದೂರದಿಂದ ಓದಿದನೋ, ವೃತ್ತಿಯ ಅನುಭವ ಎಷ್ಟು ಎಂಬುದನ್ನು ಸಮಿತಿಯು ವಿಚಾರಿಸಿ, ಅವನು ಕಲಿಯಬೇಕಾದ ವಿಷಯಗಳನ್ನು ಗೊತ್ತುಮಾಡುವುದು. ಕೆನಡಾದ ನ್ಯಾಯದ ಮೂಲತತ್ತ್ವಗಳು, ರಾಜ್ಯಾಂಗ, ಆಡಳಿತನ್ಯಾಯ, ಅಪರಾಧನ್ಯಾಯ, ವೃತ್ತಿಧರ್ಮ ಎಂಬ ಐದು ಇವುಗಳಲ್ಲಿ ಮುಖ್ಯವಾದವು. ಪಠ್ಯಕ್ರಮವು ಅಂತರ್ಜಾಲದಲ್ಲಿ ಎಲ್ಲರಿಗೂ ದೊರೆಯುವುದು. ಅಭ್ಯರ್ಥಿಯು ತಾನಾಗಿಯೇ ಓದಬಹುದು, ಅಥವಾ ವಿಶ್ವವಿದ್ಯಾಲಯದಲ್ಲಿ ಆ ವಿಷಯಗಳನ್ನು ಅಭ್ಯಸಿಸಬಹುದು. ಪುಸ್ತಕಗಳನ್ನು ನೋಡಿಕೊಂಡು ಬರೆಯುವ ಈ ಪರೀಕ್ಷೆಗಳು ೨೦೨೦ರ ಮಹಾಮಾರಿಯ ಬಳಿಕ ಅಂತರ್ಜಾಲದ ಮೂಲಕವೇ, ದೂರದ ಮೇಲ್ವಿಚಾರಕರ ಕಣ್ಣಿನ ಮುಂದೆ ನಡೆಯತೊಡಗಿದುವು. ಕೆನಡಾದ ನೆಲವನ್ನು ಮುಟ್ಟುವ ಮೊದಲೇ ಅಲ್ಲಿಯ ನ್ಯಾಯವನ್ನು ಕಲಿಯುವುದು ಹೀಗೆ ಸಾಧ್ಯವಾಗಿದೆ.

ಈ ಐದು ವಿಷಯಗಳ ಆಯ್ಕೆಯು ಅವಿಚಾರಿತವಲ್ಲ. ಭಾರತದ ವಕೀಲನೊಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ೧೮೭೨ರ ಕರಾರು ಶಾಸನವನ್ನು ಓದಿದವನಿಗೆ ಕೆನಡಾದ ಕರಾರಿನ ತತ್ತ್ವಗಳು ಬಹುಪಾಲು ಪರಿಚಿತವಾಗಿಯೇ ತೋರುವುವು. ಎರಡೂ ಇಂಗ್ಲಿಷ್ ನ್ಯಾಯದ ಮಕ್ಕಳು. ಆದರೆ ರಾಜ್ಯಾಂಗಕ್ಕೆ ಬಂದಾಗ ಭೂಮಿಯೇ ಬದಲಾಗುವುದು. ಭಾರತದಲ್ಲಿ ಅಪರಾಧನ್ಯಾಯವು ಕೇಂದ್ರಕ್ಕೂ ರಾಜ್ಯಗಳಿಗೂ ಸಾಮಾನ್ಯವಾದ ಪಟ್ಟಿಯಲ್ಲಿರುವುದು. ಕೆನಡಾದ ೧೮೬೭ರ ರಾಜ್ಯಾಂಗಶಾಸನದಂತೆ ಅದು ಕೇಂದ್ರಕ್ಕೆ ಮಾತ್ರ ಸೇರಿದ್ದು, ಸ್ವತ್ತು ಮತ್ತು ದಿವಾಣಿ ಹಕ್ಕುಗಳು ಪ್ರಾಂತಗಳಿಗೆ ಸೇರಿವೆ. ಆ ದೇಶದ ಮೂಲನಿವಾಸಿಗಳ ಹಕ್ಕುಗಳನ್ನು ೧೯೮೨ರ ರಾಜ್ಯಾಂಗಶಾಸನವು ಅಂಗೀಕರಿಸಿದೆ. ಅವರೊಡನೆ ಆದ ಹಳೆಯ ಕೌಲುಗಳನ್ನು ತಿಳಿಯದವನಿಗೆ ಅಲ್ಲಿಯ ಭೂಮಿಯ ವ್ಯಾಜ್ಯಗಳು ಅರ್ಥವಾಗವು. ಕ್ವಿಬೆಕ್ ಪ್ರಾಂತದಲ್ಲಿ ಸ್ವತ್ತಿನ ನ್ಯಾಯವು ಫ್ರೆಂಚ್ ಸಂಪ್ರದಾಯದ್ದು. ೧೭೭೪ರ ಶಾಸನವು ಸೋತ ಪ್ರಜೆಯ ಆ ನ್ಯಾಯವನ್ನು ಉಳಿಸಿಕೊಟ್ಟಿತು. ಯಾಜ್ಞವಲ್ಕ್ಯನು ವಿಧಿಸಿದ ರಾಜಧರ್ಮವು ಅವನ ಹೆಸರನ್ನೇ ಕೇಳದ ದೇಶದಲ್ಲಿ ನಡೆದುದು ಹೀಗೆ. ಸಾರಾಂಶವೇನೆಂದರೆ, ದೇಶದಿಂದ ದೇಶಕ್ಕೆ ಭಿನ್ನವಾಗುವ ಅಂಶವನ್ನೇ ಸಮಿತಿಯು ಕಲಿಯಹೇಳುವುದು. ಸಮಾನವಾದ ಅಂಶವನ್ನು ಪುನಃ ಕಲಿಯಬೇಕೆಂದು ನಿರ್ಬಂಧಿಸುವುದಿಲ್ಲ.

ಇಂಗ್ಲೆಂಡಿನಲ್ಲಿ ಬೇರೊಂದು ಕ್ರಮವುಂಟು. ಪರದೇಶದ ವಕೀಲರು ಸಾಲಿಸಿಟರಾಗಲು ೧೯೯೦ರಲ್ಲಿ ಒಂದು ಪರೀಕ್ಷಾಕ್ರಮವೂ ೨೦೧೦ರಲ್ಲಿ ಮತ್ತೊಂದೂ ಏರ್ಪಟ್ಟುವು. ೨೦೨೧ರಿಂದ ಸ್ವದೇಶದವನಿಗೂ ಪರದೇಶದವನಿಗೂ ಒಂದೇ ಪರೀಕ್ಷೆಯಾಗಿದೆ. ಅದರ ಪೂರ್ವಭಾಗದ ೩೬೦ ಪ್ರಶ್ನೆಗಳಿಗೆ ಅನೇಕ ದೇಶಗಳ ಪರೀಕ್ಷಾಕೇಂದ್ರಗಳಲ್ಲಿ ಗಣಕಯಂತ್ರದ ಮುಂದೆ ಕುಳಿತು ಉತ್ತರ ಕೊಡಬಹುದು. ಉತ್ತರಭಾಗದಲ್ಲಿ ಕಕ್ಷಿಗಾರನೊಡನೆ ಸಂಭಾಷಣೆ, ನ್ಯಾಯಾಧಿಪತಿಯ ಮುಂದೆ ವಾದ ಮುಂತಾದುವನ್ನು ನಡೆಸಿ ತೋರಿಸಬೇಕು. ಈ ಮೌಖಿಕಾಂಗಕ್ಕೆ ಅಭ್ಯರ್ಥಿಯು ಇಂಗ್ಲೆಂಡಿಗೋ ವೇಲ್ಸಿಗೋ ಹೋಗಲೇಬೇಕು. ಆದರೆ ಸ್ವದೇಶದ ಅಭ್ಯರ್ಥಿಗೆ ವಿಧಿಸಿರುವ ಎರಡು ವರ್ಷಗಳ ಕಾರ್ಯಾನುಭವವನ್ನು ಈಗಾಗಲೇ ವಕೀಲನಾಗಿರುವ ಪರದೇಶೀಯನಿಂದ ಅಪೇಕ್ಷಿಸುವುದಿಲ್ಲ. ನ್ಯೂಯಾರ್ಕ್ ಸಂಸ್ಥಾನವಾದರೋ, ಪರದೇಶದ ಪದವೀಧರನು ಪರೀಕ್ಷೆಗೆ ಮುಂಚೆ ಅಮೆರಿಕದಲ್ಲಿ ಒಂದು ಉನ್ನತಪದವಿಯನ್ನು ಪಡೆಯಬೇಕಾದ ಸಂದರ್ಭಗಳಲ್ಲಿ, ಆ ವ್ಯಾಸಂಗವು ವಿದ್ಯಾಲಯದ ಆವರಣದಲ್ಲಿಯೇ ನಡೆಯಬೇಕೆಂದು ದೀರ್ಘಕಾಲ ನಿಯಮಿಸಿತ್ತು.

ಭಾರತವು ಈ ವಿಷಯದಲ್ಲಿ ಇತರರಿಗಿಂತ ಬಿಗಿಯಾಗಿದೆಯೆಂಬುದನ್ನು ಹೇಳದಿರುವುದು ನ್ಯಾಯವಲ್ಲ. ೧೯೬೧ರ ವಕೀಲರ ಶಾಸನವು ಪರದೇಶೀಯನ ಪ್ರವೇಶವನ್ನು ಪರಸ್ಪರತೆಯ ಮೇಲೆ ನಿಲ್ಲಿಸಿತು: ಅವನ ದೇಶದಲ್ಲಿ ಭಾರತೀಯನಿಗೆ ಅವಕಾಶವಿದ್ದರೆ ಮಾತ್ರ ಇಲ್ಲಿ ಅವನಿಗೆ ಅವಕಾಶ. ಪರದೇಶೀಯ ವಕೀಲರು ಇಲ್ಲಿ ವೃತ್ತಿ ನಡೆಸಲಾಗದೆಂದೂ, ತಮ್ಮ ದೇಶದ ನ್ಯಾಯವನ್ನು ಕುರಿತು ಸಲಹೆ ಕೊಡಲು ಆಗಾಗ ಬಂದುಹೋಗಬಹುದೆಂದೂ ಸುಪ್ರೀಂ ಕೋರ್ಟು ೨೦೧೮ರಲ್ಲಿ ತೀರ್ಮಾನಿಸಿತು. ೨೦೨೩ರಲ್ಲಿ ಭಾರತೀಯ ವಕೀಲರ ಪರಿಷತ್ತು ಪ್ರಕಟಿಸಿದ ನಿಯಮಗಳು ಅವರಿಗೆ ಸಲಹೆಯ ಬಾಗಿಲನ್ನು ಇನ್ನಷ್ಟು ತೆರೆದರೂ ನ್ಯಾಯಾಸ್ಥಾನದ ಬಾಗಿಲನ್ನು ತೆರೆಯಲಿಲ್ಲ. ಅಂಚೆಯ ಮೂಲಕ ಪಡೆದ ನ್ಯಾಯಪದವಿಯನ್ನು ಆ ಪರಿಷತ್ತು ವಕೀಲವೃತ್ತಿಗೆ ಅರ್ಹತೆಯೆಂದು ಎಣಿಸುವುದೂ ಇಲ್ಲ. ಹೊರಗೆ ಹೋದ ಭಾರತೀಯನಿಗೆ ದೊರೆಯುವ ಸೌಕರ್ಯವು ಇಲ್ಲಿಗೆ ಬಂದವನಿಗೆ ದೊರೆಯದು.

೬. ಉಳಿದಿರುವ ಬಾಗಿಲು

ಮೇಲೆ ಹೇಳಿದ ವ್ಯವಸ್ಥೆಗಳಿಂದ ಶಾಸ್ತ್ರಾಂಗದ ತೊಡಕು ಬಹುಮಟ್ಟಿಗೆ ಪರಿಹಾರವಾಗಿದೆ. ಹಗಲೆಲ್ಲ ಬೇರೊಂದು ಕೂಲಿಯನ್ನು ಮಾಡಿ ರಾತ್ರಿ ಓದುವವನಿಗೆ, ಕೂಸನ್ನು ಮಲಗಿಸಿ ಪುಸ್ತಕವನ್ನು ತೆರೆಯುವ ತಾಯಿಗೆ, ಗ್ರಂಥಭಂಡಾರದಿಂದ ನೂರು ಮೈಲಿ ದೂರದಲ್ಲಿರುವವನಿಗೆ ಇದು ಅಲ್ಪೋಪಕಾರವಲ್ಲ. ೧೯೩೩ರ ನಿರ್ವಾಸಿತರಿಗೆ ಇಂತಹ ಅನುಕೂಲವಿದ್ದಿದ್ದರೆ ಎಷ್ಟು ಮಂದಿ ವೃತ್ತಿಯನ್ನು ಬಿಡದೆ ಉಳಿಯುತ್ತಿದ್ದರೋ!

ಆದರೆ ಆಚಾರಾಂಗದ ಬಾಗಿಲು ಹಾಗೆಯೇ ಇದೆ. ಕೆನಡಾದಲ್ಲಿ ಸಮಿತಿಯ ಪ್ರಮಾಣಪತ್ರವು ವಕೀಲವೃತ್ತಿಗೆ ಅನುಜ್ಞೆಯಲ್ಲ. ಅದು ಪ್ರಾಂತದ ವಕೀಲಸಂಘದ ಬಳಿಗೆ ಹೋಗಲು ಅರ್ಹತೆ ಮಾತ್ರ. ಬಳಿಕ ಪ್ರಾಂತದ ಪರೀಕ್ಷೆಗಳೂ, ಹಿರಿಯ ವಕೀಲನೊಬ್ಬನ ಕೈಕೆಳಗೆ ತಿಂಗಳುಗಟ್ಟಲೆ ಮಾಡಬೇಕಾದ ಉಮೇದುವಾರಿಯೂ ಇರುವುವು. ಪರೀಕ್ಷೆಗೆ ಪಠ್ಯಕ್ರಮವುಂಟು, ಹಿರಿಯನನ್ನು ಹುಡುಕಿಕೊಳ್ಳುವುದಕ್ಕೆ ಪಠ್ಯಕ್ರಮವಿಲ್ಲ. ಸ್ಥಳೀಯ ವಿದ್ಯಾಲಯದಲ್ಲಿ ಓದಿದವನಿಗೆ ಗುರುಗಳ ಪರಿಚಯವೂ ಸಹಪಾಠಿಗಳ ಪರಿಚಯವೂ ಇರುವುವು. ಗಣಕಯಂತ್ರದ ಮುಂದೆ ಒಬ್ಬನೇ ಕುಳಿತು ಕಲಿತವನಿಗೆ ಅವೆರಡೂ ಇಲ್ಲ. ಯಾವ ಏಕಾಂತವು ಅವನಿಗೆ ಕಲಿಯುವ ಅವಕಾಶವನ್ನು ಕೊಟ್ಟಿತೋ ಅದೇ ಏಕಾಂತವು ಅವನನ್ನು ವೃತ್ತಿಯ ಹೊಸ್ತಿಲಲ್ಲಿ ಅಪರಿಚಿತನನ್ನಾಗಿ ನಿಲ್ಲಿಸುವುದು. ‘ಇವನು ಯಾರು’ ಎಂಬ ಪ್ರಶ್ನೆಯು ನಿಯಮಗಳಿಂದ ತೊಲಗಿ, ಪರಿಚಯದ ರೂಪದಿಂದ ಮರಳಿ ಬಂದಿದೆಯೆನ್ನಬೇಕು.

ಇದನ್ನು ಮನಗಂಡು ಕೈಕೊಂಡ ಯತ್ನಗಳೂ ಇವೆ. ಆಂಟೇರಿಯೋ ಪ್ರಾಂತದಲ್ಲಿ ಪರದೇಶದಲ್ಲಿ ಕಲಿತವರಿಗೆ ವೃತ್ತಿಗಳ ಪ್ರವೇಶವು ನ್ಯಾಯವಾಗಿ ದೊರೆಯಬೇಕೆಂದು ೨೦೦೬ರಲ್ಲಿ ಒಂದು ಶಾಸನವಾಯಿತು. ಉಮೇದುವಾರಿಗೆ ಬದಲಾಗಿ ಒಂದು ವೃತ್ತಿಶಿಕ್ಷಣಕ್ರಮವು ಅದೇ ಪ್ರಾಂತದಲ್ಲಿ ೨೦೧೪ರಿಂದ ನಡೆಯತೊಡಗಿತು. ಅದರಲ್ಲಿ ಅಭ್ಯರ್ಥಿಗಳು ಗುಂಪುಗಳಾಗಿ ಸೇರಿ, ಬಹುಪಾಲು ಅಂತರ್ಜಾಲದಲ್ಲಿಯೇ, ಕಲ್ಪಿತವಾದ ವಕೀಲ ಕಚೇರಿಯೊಂದನ್ನು ಅನುಭವಿಗಳಾದ ವಕೀಲರ ಮಾರ್ಗದರ್ಶನದಲ್ಲಿ ನಡೆಸುವರು. ಅನಂತರ ನಾಲ್ಕು ತಿಂಗಳು ನಿಜವಾದ ಕಚೇರಿಯಲ್ಲಿ ಕೆಲಸಮಾಡುವರು. ದೂರದಿಂದಲೇ ಸಹವಾಸವನ್ನು ಕಲ್ಪಿಸಲು ಮಾಡಿದ ಈ ಯತ್ನವು ದೂರಶಿಕ್ಷಣದ ಇತಿಹಾಸದಲ್ಲಿ ಗಮನಾರ್ಹವಾದುದು. ಶಾಸ್ತ್ರವನ್ನಲ್ಲದೆ ಆಚಾರವನ್ನೂ ತಂತಿಯ ಮೂಲಕ ಕಳುಹಿಸಲು ಹೊರಟವರು ಕಡೆಯ ನಾಲ್ಕು ತಿಂಗಳುಗಳನ್ನು ಮಾತ್ರ ಪ್ರತ್ಯಕ್ಷಕ್ಕೇ ಬಿಟ್ಟರೆಂಬುದೂ ಅಷ್ಟೇ ಗಮನಾರ್ಹವಾದುದು.

ದೂರದ ಪರೀಕ್ಷೆಯಲ್ಲಿ ನಂಬುಗೆಯ ತೊಡಕೂ ಒಂದುಂಟು. ಮಹಾಮಾರಿಯ ಕಾಲದಲ್ಲಿ ಅಂತರ್ಜಾಲಕ್ಕೆ ತಂದಿದ್ದ ಆಂಟೇರಿಯೋದ ವಕೀಲಪರೀಕ್ಷೆಯ ಪ್ರಶ್ನೆಗಳು ಮುಂಚಿತವಾಗಿಯೇ ಹೊರಬಿದ್ದಿರಬಹುದೆಂದು ತಿಳಿದುಬಂದುದರಿಂದ ೨೦೨೨ನೆಯ ಇಸವಿಯ ಮಾರ್ಚಿನ ಪರೀಕ್ಷೆಗಳನ್ನು ನಿಲ್ಲಿಸಿ, ಪುನಃ ಸಭಾಂಗಣದಲ್ಲಿ ಎಲ್ಲರನ್ನೂ ಕುಳ್ಳಿರಿಸಿ ಬರೆಯಿಸಿದರು. ಪ್ರಾಮಾಣಿಕತೆಯೇ ಮೂಲವಾದ ವೃತ್ತಿಗೆ ಪ್ರವೇಶಿಸುವ ಹೊತ್ತಿನಲ್ಲಿಯೇ ಇಂತಹ ಸಂದೇಹವು ಹುಟ್ಟಿದರೆ, ಅದರ ಕಳಂಕವು ತಪ್ಪು ಮಾಡದವರಿಗೂ ತಗಲುವುದು. ಅದರಲ್ಲಿಯೂ ಪರದೇಶಿಯನ್ನು ಮೊದಲೇ ಸಂಶಯದಿಂದ ನೋಡುವವರಿಗೆ ಅದು ಒಂದು ನೆಪವಾಗುವುದು. ಆದುದರಿಂದ ಪರೀಕ್ಷೆಯು ಬಿಗಿಯಾಗಿರುವುದು ಪರದೇಶಿಗೆ ವಿರೋಧವಲ್ಲ, ಅವನ ರಕ್ಷೆಯೇ ಸರಿ. ಜನರ ದೃಷ್ಟಿಯಿಂದ ನೋಡಿದರೂ ಹೀಗೆಯೇ. ವ್ಯಾಜ್ಯಕ್ಕೆ ಸಿಕ್ಕಿದವನು ತನ್ನ ಮನೆಯನ್ನೋ ಮಗುವನ್ನೋ ಸ್ವಾತಂತ್ರ್ಯವನ್ನೋ ವಕೀಲನ ಕೈಯಲ್ಲಿಡುವನು. ಅರೆಕಲಿತವನನ್ನು ಕರುಣೆಯಿಂದ ಒಳಗೆ ಬಿಡುವುದು ಆ ಕಕ್ಷಿಗಾರನಿಗೆ ಮಾಡುವ ಅನ್ಯಾಯ.

ಈವರೆಗಿನ ವಿಚಾರದಿಂದ ಮೂರು ನಿರ್ಣಯಗಳು ದೊರೆಯುವುವು. ಮೊದಲನೆಯದು, ನ್ಯಾಯದ ಶಾಸ್ತ್ರಾಂಗವನ್ನು ದೂರದಿಂದ ಕಲಿಯಬಹುದೆಂಬುದು ಪೂರ್ವಕಾಲದಿಂದಲೂ ಅನುಭವಸಿದ್ಧವಾದುದು. ಅಂತರ್ಜಾಲವು ಅದನ್ನು ಸುಲಭಗೊಳಿಸಿ ಬಡವನಿಗೂ ಎಟುಕುವಂತೆ ಮಾಡಿದೆ. ಎರಡನೆಯದು, ಅರ್ಹನನ್ನು ತಡೆದ ಕಾರಣಗಳು ಅನೇಕ ವೇಳೆ ಶಾಸ್ತ್ರಕ್ಕೂ ಆಚಾರಕ್ಕೂ ಸಂಬಂಧಿಸಿದವಲ್ಲ. ವರ್ಣ, ಕುಲ, ಪೌರತ್ವಗಳಿಗೆ ಸಂಬಂಧಿಸಿದವು. ಇವುಗಳನ್ನು ನ್ಯಾಯಾಸ್ಥಾನಗಳೂ ಶಾಸನಗಳೂ ಒಂದೊಂದಾಗಿ ತೆಗೆದುಹಾಕಬೇಕಾಯಿತು. ಯಂತ್ರದಿಂದ ಆ ಕೆಲಸವಾಗಲಿಲ್ಲ. ಮೂರನೆಯದು, ಆಚಾರಾಂಗವನ್ನು ಸಹವಾಸದಿಂದಲೇ ಕಲಿಯಬೇಕಾದುದರಿಂದ, ಅದನ್ನು ಕಲಿಯಬೇಕೆಂದು ವಿಧಿಸುವ ಸಂಘಗಳಿಗೆ ಅದಕ್ಕೆ ಸ್ಥಳವನ್ನು ಒದಗಿಸುವ ಹೊಣೆಯೂ ಇದೆ. ಊಟವನ್ನು ಕಡ್ಡಾಯಮಾಡಿದ ಲಂಡನ್ನಿನ ಸಂಘಗಳು ಭೋಜನಶಾಲೆಯನ್ನೂ ಕಟ್ಟಿಸಿದ್ದುವು. ಹಿರಿಯನ ಸಹವಾಸವನ್ನು ಕಡ್ಡಾಯಮಾಡಿ, ಹಿರಿಯನನ್ನು ನೀನೇ ಹುಡುಕಿಕೋ ಎಂದು ಪರದೇಶಿಗೆ ಹೇಳುವುದು ಅರ್ಧನ್ಯಾಯ. ಐದು ವಿಷಯಗಳ ಪರೀಕ್ಷೆಯನ್ನು ತೇರ್ಗಡೆಮಾಡಿದವನು ಆರನೆಯದಾಗಿ ಪರಿಚಯವೆಂಬ ಪರೀಕ್ಷೆಯಲ್ಲಿ ಸೋತು ಹಿಂದಿರುಗಿದರೆ, ನಷ್ಟವು ಅವನಿಗೆ ಮಾತ್ರವಲ್ಲ. ಅವನ ಭಾಷೆಯನ್ನಾಡುವ, ಅವನಂತೆಯೇ ವಲಸೆಬಂದ ಕಕ್ಷಿಗಾರನಿಗೂ ನಷ್ಟ; ಬೆಂಜಮಿನ್ನನಿಂದಲೂ ಕಾನ್-ಫ್ರಾಯಿಂಡರಿಂದಲೂ ಇಂಗ್ಲೆಂಡಿಗೆ ಆದಂತಹ ಲಾಭವು ತಪ್ಪಿಹೋಗುವುದರಿಂದ ಆ ದೇಶದ ನ್ಯಾಯಶಾಸ್ತ್ರಕ್ಕೂ ನಷ್ಟ.